ಜಾಲರಿಯ ಆಚೆ ಐದು, ಈಚೆ ಆರು

ನಮ್ಮ ಹಿತ್ತಲ ಗೂಡಿನಲ್ಲಿ ಆರು ಹೇಂಟೆಗಳಿವೆ. ಮೂರು ವರ್ಷದಿಂದ ಒಟ್ಟಿಗೆ ಬಾಳುತ್ತಿರುವ ಹಿಂಡು, ಹುಂಜ ಇಲ್ಲ. ಮೊಟ್ಟೆ ಕಡಿಮೆಯಾಗುತ್ತ ಬಂದಿದ್ದರಿಂದ ಐದು ಎಳೆ ಹೇಂಟೆಗಳನ್ನು ತಂದು ಇವುಗಳ ಜೊತೆ ಸೇರಿಸಿದೆ. ತಂದಾಗ ಅವಕ್ಕೆ ಆರು ವಾರ. ಹನ್ನೊಂದೂ ಒಂದೇ ಗೂಡಿನಲ್ಲಿ ಮಲಗುವ ಹೊತ್ತಿಗೆ 66 ದಿನ ಹಿಡಿಯಿತು. ಅಷ್ಟು ದಿನ ಏನು ಕಟ್ಟಿದೆ, ಎಲ್ಲಿ ಅಳತೆ ತಪ್ಪಿತು, ಎಲ್ಲಿ ಬಿಚ್ಚಿ ಮತ್ತೆ ಕಟ್ಟಿದೆ ಅನ್ನುವುದನ್ನೆಲ್ಲ ದಿನದಿನವೂ ಗೀಚಿಟ್ಟುಕೊಂಡಿದ್ದೆ. ಅದನ್ನೇ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ.

ಇಷ್ಟು ನಿಧಾನ ಯಾಕೆ ಅಂದರೆ, ಎರಡು ವರ್ಷದ ಹಿಂದೆ ಅವಸರ ಮಾಡಿ ಒಂದು ಜೀವ ಕಳೆದಿದ್ದೆ. ಆಗ ಎರಡು ಎಳೆ ಹೇಂಟೆ ತಂದಿದ್ದೆ. ಕತ್ತಲಾದ ಮೇಲೆ ಮೆಲ್ಲಗೆ ದೊಡ್ಡವುಗಳ ಪಕ್ಕ ಕೂರಿಸಿಬಿಟ್ಟರೆ ಸಾಕು, ಬೆಳಗಾಗುವಷ್ಟರಲ್ಲಿ ಹೊಂದಿಕೊಂಡಿರುತ್ತವೆ ಅಂತ ಕೇಳಿದ್ದೆ, ಹಾಗೇ ಮಾಡಿದೆ. ಕೋಳಿಗೆ ಕತ್ತಲಲ್ಲಿ ಕಣ್ಣು ಕಾಣುವುದಿಲ್ಲ, ಕೂತಲ್ಲೇ ಕೂತಿರುತ್ತದೆ. ಆದ್ದರಿಂದ ರಾತ್ರಿ ಏನೂ ಆಗಲಿಲ್ಲ. ಬೆಳಕು ಹರಿದ ಮೇಲೆ ಆಯಿತು. ಗೂಡಿನ ಬಾಗಿಲು ಹಾಕಿತ್ತು, ಓಡಲು ಜಾಗ ಇರಲಿಲ್ಲ. ಏಳು ಗಂಟೆಗೆ ನಾನು ಬಾಗಿಲು ತೆಗೆದಾಗ ಒಂದು ಮೂಲೆಯಲ್ಲಿ ತಲೆ ತುರುಕಿಕೊಂಡು ಕೂತಿತ್ತು, ತಲೆಯ ಹಿಂಭಾಗದ ಚರ್ಮ ಕಿತ್ತು ಹೋಗಿತ್ತು. ಸಂಜೆಗೆ ಸತ್ತಿತು. ಉಳಿದದ್ದನ್ನು ಮಾರನೆಯ ದಿನವೇ ತಂದಲ್ಲಿಗೆ ಮರಳಿಸಿದೆ. ಆ ಗೂಡಿನಲ್ಲಿ ಮೂಲೆಯಿಂದ ಹೊರಬರಲು ಎರಡನೆಯ ದಾರಿ ಇದ್ದಿದ್ದರೆ ಅದು ಬದುಕುತ್ತಿತ್ತು ಅನ್ನುವುದು ನನ್ನ ತಲೆಯಿಂದ ಹೋಗಲೇ ಇಲ್ಲ. ಈ ಸಲದ ಕೆಲಸವೆಲ್ಲ ಆ ಎರಡನೆಯ ದಾರಿಯ ಸುತ್ತಲೇ ನಡೆದದ್ದು.

ದಿನ 1ರಿಂದ 30: ದೂರದಲ್ಲಿ

ಮೊದಲ ಮೂವತ್ತು ದಿನ ಹೊಸವಕ್ಕೂ ಹಳೆಯವಕ್ಕೂ ಮುಖಾಮುಖಿಯೇ ಇಲ್ಲ. ಹಿತ್ತಲಿನ ಇನ್ನೊಂದು ತುದಿಯಲ್ಲಿ, ಗೂಡಿನಿಂದ ಸುಮಾರು ನಲವತ್ತು ಅಡಿ ದೂರದ ಶೆಡ್ಡಿನಲ್ಲಿ ಐದಕ್ಕೂ ಜಾಗ ಮಾಡಿದೆ. ಆರು ವಾರಕ್ಕೆ ಗರಿ ಪೂರ್ತಿ ಬಂದಿರುತ್ತದೆ, ಬೆಚ್ಚಗಿನ ದಿನಗಳಾದ್ದರಿಂದ ಬಲ್ಬು ಬೇಕಾಗಲಿಲ್ಲ. ನೆಲಕ್ಕೆ ನಾಲ್ಕು ಇಂಚು ದಪ್ಪ ಮರದ ಹೊಟ್ಟು, ಬೇರೆ ಮೇವಿನ ಡಬ್ಬಿ, ಬೇರೆ ನೀರಿನ ಬಟ್ಟಲು, ಆ ಶೆಡ್ಡಿಗೆಂದೇ ಬೇರೆ ಚಪ್ಪಲಿ. ಪ್ರತಿದಿನ ಮೊದಲು ಹಳೆಯವುಗಳ ಕೆಲಸ ಮುಗಿಸಿ, ಆಮೇಲೆ ಹೊಸವುಗಳ ಹತ್ತಿರ ಹೋಗುವುದು. ಈ ಕ್ರಮ ಒಂದು ದಿನವೂ ತಿರುವುಮುರುವಾಗಬಾರದು ಅಂತ ಮಗಳಿಗೂ ಹೇಳಿದ್ದೆ. ಅವಳು ನನಗಿಂತ ಕಟ್ಟುನಿಟ್ಟು. ಒಂದು ಬೆಳಿಗ್ಗೆ ನಾನು ಮರೆತು ನೇರ ಶೆಡ್ಡಿನ ಕಡೆ ಹೊರಟಾಗ "ಅಪ್ಪಾ, ಮೊದಲು ದೊಡ್ಡವು" ಅಂತ ಕೂಗಿ ನಿಲ್ಲಿಸಿದಳು.

ಮೂವತ್ತು ದಿನ ಅಂದರೆ ಬಹಳವಾಯಿತು ಅಂತ ಅನಿಸಬಹುದು. ಆದರೆ ಕೋಳಿಯ ರೋಗಗಳು ಒಂದೇ ವೇಗದವಲ್ಲ. ಕೊರೈಜಾ ಒಂದರಿಂದ ಮೂರು ದಿನದಲ್ಲೇ ಮುಖ ಊದಿಸಿ, ಮೂಗಿನಿಂದ ಕೆಟ್ಟ ವಾಸನೆಯ ಸಿಂಬಳ ಸುರಿಸಿ ತನ್ನನ್ನು ತೋರಿಸಿಕೊಳ್ಳುತ್ತದೆ. ರಾಣಿಖೇತ್ ರೋಗ ಹೊರಬರಲು ಎರಡು ವಾರದವರೆಗೂ ಹಿಡಿಯಬಹುದು. ಮೈಕೊಪ್ಲಾಸ್ಮಾದಿಂದ ಬರುವ ಉಸಿರಾಟದ ಕಾಯಿಲೆ ಇನ್ನೂ ಮೋಸದ್ದು. ಹೊರಗೆ ಆರೋಗ್ಯವಾಗಿ ಕಾಣುವ ಕೋಳಿಯೊಳಗೆ ಅಡಗಿ ಕೂತಿದ್ದು, ಜಾಗ ಬದಲಾದ ಗಾಬರಿಗೆ ಎದ್ದು ಬರುತ್ತದೆ. ಅದಕ್ಕೇ ದಿನಾ ಸಂಜೆ ಐದನ್ನೂ ಒಂದೊಂದಾಗಿ ಎತ್ತಿ ನೋಡುತ್ತಿದ್ದೆ: ಕಣ್ಣಿನಲ್ಲಿ ನೊರೆ ಇದೆಯಾ, ಉಸಿರಲ್ಲಿ ಗೊರಗೊರ ಇದೆಯಾ, ಗುದದ ಸುತ್ತ ಗರಿಬುಡದಲ್ಲಿ ಹೇನಿನ ಮೊಟ್ಟೆ ಅಂಟಿದೆಯಾ, ಕಾಲಿನ ಹುರುಪೆ ಎದ್ದಿದೆಯಾ. ಹೀಗೆ ಎತ್ತುತ್ತ ಎತ್ತುತ್ತ ಅವೂ ನನ್ನ ಕೈಗೆ ಒಗ್ಗಿದವು. ಮುಂದೆ ಗಾಯ ನೋಡುವಾಗ ಇದು ತುಂಬ ಉಪಯೋಗಕ್ಕೆ ಬಂತು.

ತರುವ ಮೊದಲೇ ಕೇಳಿಕೊಂಡಿದ್ದ ಒಂದು ಪ್ರಶ್ನೆ: ಮಾರೆಕ್ಸ್ ಅನ್ನುವ ವೈರಸ್ ರೋಗದ ಲಸಿಕೆ ಆಗಿದೆಯಾ? ಅದನ್ನು ಮರಿ ಒಡೆದ ಮೊದಲ ದಿನವೇ ಹಾಕುವುದು ರೂಢಿ. ಲಸಿಕೆ ಹಾಕಿದ ಕೋಳಿಗೆ ಗಡ್ಡೆ, ಲಕ್ವ ತಪ್ಪುತ್ತದೆಯೇ ಹೊರತು, ವೈರಸ್ಸು ಮೈಗೆ ಹತ್ತುವುದು, ಗರಿಪುಡಿಯ ಮೂಲಕ ಹರಡುವುದು ನಿಲ್ಲುವುದಿಲ್ಲ. ಆದ್ದರಿಂದ ಹಳೆಯ ಹಿಂಡಿಗೆ ಲಸಿಕೆ ಆಗಿದ್ದು ಹೊಸವಕ್ಕೆ ಆಗಿಲ್ಲವೆಂದರೆ ಹೊಸವುಗಳ ಜೀವಕ್ಕೆ ಅಪಾಯ. ನನ್ನ ಎರಡೂ ಕಡೆಯವಕ್ಕೂ ಆಗಿತ್ತು.

ಈ ಮೂವತ್ತು ದಿನದೊಳಗೇ ಗೂಡು ದೊಡ್ಡದು ಮಾಡಬೇಕಿತ್ತು.

ಗೂಡಿನ ಲೆಕ್ಕ

ಹಳೆಯ ಗೂಡು 6 ಅಡಿ ಉದ್ದ, 5 ಅಡಿ ಅಗಲ. ಅಂದರೆ 30 ಚದರಡಿ. ಬಯಲಲ್ಲಿ ಅಡ್ಡಾಡಲು ಅಂಗಳವಿರುವ ಕೋಳಿಗೆ ಗೂಡಿನೊಳಗೆ ತಲಾ 4 ಚದರಡಿಯಾದರೂ ಬೇಕು. ಆರಕ್ಕೆ 24, ಆರಾಮಾಗಿತ್ತು. ಹನ್ನೊಂದಕ್ಕೆ 44 ಬೇಕು. ಇದನ್ನು ಮೊದಲೇ ಬರೆದು ನೋಡಿದ್ದು ಒಳ್ಳೆಯದಾಯಿತು. ಇಲ್ಲದಿದ್ದರೆ ಒತ್ತೊತ್ತಾಗಿ ಇಟ್ಟು, ಆಮೇಲೆ ಕಚ್ಚಾಟ ಶುರುವಾದಾಗ ಕೋಳಿಯ ಗುಣವನ್ನೇ ಬೈಯುತ್ತ ಕೂರುತ್ತಿದ್ದೆ.

ಗೂಡಿನ ಬಲಗೋಡೆಗೆ ಅಂಟಿಸಿ 4 ಅಡಿಗೆ 5 ಅಡಿಯ ಇನ್ನೊಂದು ಕೋಣೆ ಕಟ್ಟಿದೆ. ಒಟ್ಟು 50 ಚದರಡಿ ಆಯಿತು. ಎರಡು ಇಂಚಿನ ರೀಪುಗಳ ಚೌಕಟ್ಟು, ಮೂರು ಕಡೆ ಹಲಗೆ, ಮೇಲೆ ಹಳೆಯ ಗೂಡಿನಂತೆಯೇ ಇಳಿಜಾರು ಶೀಟು. ಹಲಗೆ ಶೀಟಿಗೆ ತಾಗುವ ಕಡೆ ಉದ್ದಕ್ಕೂ ನಾಲ್ಕು ಇಂಚು ಬಿಟ್ಟು ಜಾಲರಿ ಹೊಡೆದೆ. ಹಿಕ್ಕೆಯಿಂದ ಏಳುವ ಅಮೋನಿಯ ಹೊರಹೋಗದಿದ್ದರೆ ಕೋಳಿಯ ಕಣ್ಣಿಗೂ ಶ್ವಾಸಕ್ಕೂ ಕೆಡುಕು. ಗಾಳಿ ತಲೆಯ ಮೇಲಿಂದ ಹಾಯಬೇಕು, ಮಲಗಿದ ಕೋಳಿಯ ಮೈಗೆ ಬಡಿಯಬಾರದು.

ಮುಖ್ಯವಾದದ್ದು ಹಳೆಯ ಗೂಡಿಗೂ ಹೊಸ ಕೋಣೆಗೂ ನಡುವಿನ ಗೋಡೆ. ಹಲಗೆ ಕಿತ್ತು ಅದರ ಜಾಗಕ್ಕೆ ಜಾಲರಿಯ ಚೌಕಟ್ಟು ಕೂರಿಸಿದೆ. ಮೊಳೆ ಹೊಡೆಯಲಿಲ್ಲ, ನಾಲ್ಕು ಮೂಲೆಗೆ ಬೋಲ್ಟು ಹಾಕಿದೆ. ಕೆಲವು ವಾರ ಗೋಡೆಯಾಗಿದ್ದು, ಆಮೇಲೆ ಹತ್ತು ನಿಮಿಷದಲ್ಲಿ ಬಿಚ್ಚಿ ತೆಗೆಯುವಂತಿರಬೇಕು. ಜಾಲರಿಯ ವಿಷಯದಲ್ಲಿ ಮಾತ್ರ ಉಳಿತಾಯ ಬೇಡ. ಷಟ್ಕೋನದ ಕಣ್ಣಿನ ತೆಳು ಕೋಳಿಬಲೆಯಲ್ಲಿ ಎಳೆಯದರ ತಲೆ ತೂರುತ್ತದೆ, ಆಚೆ ದೊಡ್ಡದು ಕಾದಿರುತ್ತದೆ. ಅರ್ಧ ಇಂಚಿನ ಚೌಕ ಕಣ್ಣಿನ ವೆಲ್ಡ್ ಮೆಶ್ ಹಾಕಿದೆ. ಯು ಮೊಳೆಯಿಂದ ಮೂರು ಇಂಚಿಗೊಂದು ಹೊಡೆದು, ಕತ್ತರಿಸಿದ ತುದಿಗಳನ್ನು ಕಟಿಂಗ್ ಪ್ಲೇಯರಿನಿಂದ ಒಳಕ್ಕೆ ಮಡಚಿ, ಮೇಲೊಂದು ತೆಳು ಪಟ್ಟಿ ಹೊಡೆದೆ. ಮಡಚದೇ ಬಿಟ್ಟ ಒಂದು ತಂತಿ ನನ್ನ ಅಂಗೈಯನ್ನೇ ಸೀಳಿತು. ಅದೇ ಎತ್ತರದಲ್ಲಿ ಕೋಳಿಯ ಕಣ್ಣು ಬರುತ್ತದೆ ಅಂತ ಹೊಳೆದ ಮೇಲೆ, ಇಡೀ ಚೌಕಟ್ಟಿನ ಸುತ್ತ ಬೆರಳಾಡಿಸಿ ಇನ್ನೊಮ್ಮೆ ನೋಡಿದೆ.

ಹೊರಗಿನ ಅಂಗಳ 12 ಅಡಿಗೆ 10 ಅಡಿ. ತಲಾ 10 ಚದರಡಿಯಂತೆ ಹನ್ನೊಂದಕ್ಕೆ 110, ನಮ್ಮಲ್ಲಿರುವುದು 120. ಅದರಲ್ಲೂ 4 ಅಡಿ ಅಗಲದ ಒಂದು ಪಟ್ಟೆಯನ್ನು ಜಾಲರಿಯಿಂದ ಬೇರೆ ಮಾಡಿ ಹೊಸ ಕೋಣೆಗೆ ಸೇರಿಸಿದೆ. ಹೀಗೆ ಎಳೆಯವಕ್ಕೆ ಒಳಗೊಂದು ಹೊರಗೊಂದು ಜಾಗವಾಯಿತು. ಎರಡೂ ಕಡೆ ದೊಡ್ಡವು ಕಾಣುತ್ತವೆ, ಮುಟ್ಟಲಾರವು.

ಮಲಗಲು ಕೂರುವ ಗಳಕ್ಕೆ ಕೋಳಿಗೆ ಎಂಟರಿಂದ ಹತ್ತು ಇಂಚು ಲೆಕ್ಕ. ಹಳೆಯ ಗಳ 6 ಅಡಿ, ಹೊಸದು 5 ಅಡಿ. ಒಟ್ಟು 132 ಇಂಚಿಗೆ ಹನ್ನೊಂದು ಕೋಳಿ, ಸಾಕಷ್ಟಾಯಿತು. ಇಲ್ಲಿ ಒಂದು ತಪ್ಪು ಮಾಡಿದ್ದೆ. ಹೊಸ ಗಳವನ್ನು ಹಳೆಯದಕ್ಕಿಂತ ಆರು ಇಂಚು ಎತ್ತರಕ್ಕೆ ಹಾಕಿಬಿಟ್ಟಿದ್ದೆ, ಎಳೆಯವಕ್ಕೆ ಮೇಲೆ ಕೂತರೆ ರಕ್ಷಣೆ ಅಂತ. ಆದರೆ ಕೋಳಿಗೆ ಎಲ್ಲಕ್ಕಿಂತ ಎತ್ತರದ ಜಾಗವೇ ಬೇಕು. ನಡುವಿನ ಗೋಡೆ ತೆಗೆದ ದಿನ ದೊಡ್ಡವು ಆರೂ ಅಲ್ಲಿಗೇ ನುಗ್ಗುತ್ತವೆ. ಬಿಚ್ಚಿ ಎರಡನ್ನೂ ಒಂದೇ ಮಟ್ಟಕ್ಕೆ ತಂದೆ, ನೆಲದಿಂದ ಎರಡೂವರೆ ಅಡಿ.

ಮೊಟ್ಟೆ ಇಡುವ ಪೆಟ್ಟಿಗೆ ಎರಡಿತ್ತು, ಇನ್ನೊಂದು ಸೇರಿಸಿದೆ. ನಾಲ್ಕಕ್ಕೊಂದು ಇದ್ದರೆ ಸಾಕು.

ಹಳೆಯ ಗಳ ಬಿಚ್ಚಿದಾಗ ಕಂಡದ್ದು

ಗಳದ ಎತ್ತರ ಸರಿಮಾಡಲು ಹಳೆಯದನ್ನೂ ಸಂಧಿಯಿಂದ ಎಬ್ಬಿಸಿದೆ. ಕೆಳಗೆ ಮೆಣಸಿನ ಪುಡಿ ಚೆಲ್ಲಿದ ಹಾಗೆ ಕೆಂಪು ಕಪ್ಪು ಚುಕ್ಕೆಗಳು ಹರಿದಾಡಿದವು. ಕೆಂಪು ಉಣ್ಣೆ. ಇವು ಹಗಲು ಮರದ ಬಿರುಕಿನಲ್ಲಿ ಅಡಗಿದ್ದು, ರಾತ್ರಿ ಹೊರಬಂದು ಮಲಗಿದ ಕೋಳಿಯ ರಕ್ತ ಹೀರಿ ಮರಳುತ್ತವೆ. ಹಗಲು ಕೋಳಿಯನ್ನು ಎಷ್ಟು ಹುಡುಕಿದರೂ ಸಿಗುವುದಿಲ್ಲ. ನನಗೆ ಮೈ ಜುಂ ಅಂತು, ಅದಕ್ಕಿಂತ ಹೆಚ್ಚು ಬೇಜಾರಾಯಿತು. ಹೊಸವು ರೋಗ ತಂದಾವು ಅಂತ ಮೂವತ್ತು ದಿನ ದೂರ ಇಟ್ಟವನು ನಾನು. ನನ್ನ ಗೂಡಿನಲ್ಲೇ ಅವಕ್ಕೆ ಇದು ಕಾದಿತ್ತು.

ಬೆಚ್ಚಗಿನ ದಿನಗಳಲ್ಲಿ ಒಂದು ವಾರದೊಳಗೆ ಇವು ಒಂದು ತಲೆಮಾರು ಮುಗಿಸುತ್ತವೆ. ರಕ್ತ ಸಿಗದಿದ್ದರೂ ಖಾಲಿ ಗೂಡಿನಲ್ಲಿ ತಿಂಗಳುಗಟ್ಟಲೆ ಬದುಕಿರುತ್ತವೆ. ಹೊಟ್ಟೆಲ್ಲ ಹೊರಹಾಕಿ, ಗಳ, ಪೆಟ್ಟಿಗೆ, ಸಂಧಿ ಎಲ್ಲಕ್ಕೂ ಕುದಿಯುವ ನೀರು ಸುರಿದು, ಬಿರುಕುಗಳನ್ನು ಚಾಕುವಿನಿಂದ ಕೆರೆದು, ಬಿಸಿಲಲ್ಲಿ ಒಣಗಿಸಿದೆ. ಏಳನೆಯ ದಿನ ಮತ್ತೆ ಅದೇ, ಹದಿನಾಲ್ಕನೆಯ ದಿನ ಮತ್ತೆ. ಒಂದೇ ಸಲದಲ್ಲಿ ಮುಗಿಯಿತು ಅಂದುಕೊಂಡರೆ ಮೊಟ್ಟೆಯಿಂದ ಬಂದವು ಉಳಿದುಬಿಡುತ್ತವೆ. ಆಮೇಲೆ ರಾತ್ರಿ ಹತ್ತಕ್ಕೆ ಬಿಳಿ ಬಟ್ಟೆಯಿಂದ ಗಳದ ಅಡಿ ಒರೆಸಿ ನೋಡುತ್ತಿದ್ದೆ. ಬಟ್ಟೆಯಲ್ಲಿ ಕೆಂಪು ಗೀರು ಬೀಳದ ಮೇಲೆಯೇ ಹೊಸವನ್ನು ತರುವ ಮನಸ್ಸು ಮಾಡಿದೆ.

ದಿನ 31: ಜಾಲರಿಯ ಆಚೆ ಈಚೆ

ಈಗ ಎಳೆಯವಕ್ಕೆ ಹತ್ತು ವಾರ ದಾಟಿದೆ. ಬೆಳಿಗ್ಗೆ ಐದನ್ನೂ ಹೊಸ ಕೋಣೆಗೆ ತಂದು ಬಿಟ್ಟೆ.

ದೊಡ್ಡವುಗಳಿಗೆ ಮಗಳಿಟ್ಟ ಹೆಸರುಗಳಿವೆ: ಕೆಂಚಿ, ಕರಿ, ಚುಕ್ಕಿ, ಗೌರಿ, ಜೋಳ, ಬೂದಿ. ಇದೇ ಅವುಗಳ ಮರ್ಯಾದೆಯ ಸಾಲು ಕೂಡ. ಕೆಂಚಿ ಮೊದಲು ತಿನ್ನುತ್ತಾಳೆ, ಬೂದಿ ಕೊನೆಗೆ. ಯಾರು ಯಾರನ್ನು ಕುಕ್ಕಬಹುದು ಅನ್ನುವ ಈ ಸಾಲನ್ನು ಮೊದಲು ಶಾಸ್ತ್ರೀಯವಾಗಿ ಬರೆದಿಟ್ಟವನು ನಾರ್ವೆಯ ಥೋರ್ಲೀಫ್ ಶೆಲ್ಡರುಪ್-ಎಬ್ಬೆ. ಬಾಲ್ಯದಿಂದಲೇ ಕೋಳಿಗಳನ್ನು ನೋಡುತ್ತ ಬಂದವನು, 1922ರಲ್ಲಿ ತಾನು ಕಂಡದ್ದನ್ನು ಪ್ರಕಟಿಸಿದ. ಈ ಸಾಲು ಯಾವಾಗಲೂ ನೆಟ್ಟಗಿರುವುದಿಲ್ಲ, ಮೂರು ಕೋಳಿಗಳು ಒಂದನ್ನೊಂದು ಸುತ್ತು ಹಾಕಿ ಕುಕ್ಕುವ ತ್ರಿಕೋನಗಳೂ ಇರುತ್ತವೆ ಅಂತಲೂ ಅವನು ಗುರುತಿಸಿದ್ದ. ನಮ್ಮಲ್ಲಿ ಚುಕ್ಕಿ, ಗೌರಿ, ಜೋಳ ಹಾಗೆಯೇ. ಚುಕ್ಕಿ ಗೌರಿಯನ್ನು ಓಡಿಸುತ್ತಾಳೆ, ಗೌರಿ ಜೋಳವನ್ನು, ಜೋಳ ಚುಕ್ಕಿಯನ್ನು. ಮೂರು ವರ್ಷವಾದರೂ ಅದು ತೀರ್ಮಾನವಾಗಿಲ್ಲ. ಕೋಳಿ ಒಂದನ್ನೊಂದು ಗುರುತಿಸುವುದು ಬಹುಪಾಲು ತಲೆ ಮತ್ತು ಜುಟ್ಟಿನಿಂದ. ಹೊಸ ಮುಖ ಬಂತೆಂದರೆ ಆ ಮುಖಕ್ಕೆ ಸಾಲಿನಲ್ಲಿ ಜಾಗ ಎಲ್ಲಿ ಅನ್ನುವುದು ಇನ್ನೂ ಬರೆಯದ ಲೆಕ್ಕ. ಜಾಲರಿ ಹಾಕುವುದರ ಉದ್ದೇಶ ಇಷ್ಟೇ: ಮೈಗೆ ಗಾಯವಾಗದೆ ಮುಖ ಪರಿಚಯವಾಗಲಿ.

ಮೊದಲ ದಿನ ಕೆಂಚಿ ಕತ್ತಿನ ಗರಿ ಕೆದರಿಕೊಂಡು ಜಾಲರಿಯುದ್ದಕ್ಕೂ ಹತ್ತಾರು ಸಲ ಓಡಾಡಿದಳು. ಕರಿ ಜಾಲರಿಗೇ ಹಾರಿ ಬಡಿದಳು. ಎಳೆಯವು ಐದೂ ದೂರದ ಮೂಲೆಯಲ್ಲಿ ಒಂದರ ಮೇಲೊಂದು ಒತ್ತಿಕೊಂಡು ನಿಂತವು. ಮೂರನೆಯ ದಿನಕ್ಕೆ ಓಡಾಟ ಅರ್ಧವಾಯಿತು. ಐದನೆಯ ದಿನದಿಂದ ಮೇವಿನ ಡಬ್ಬಿಗಳನ್ನು ಜಾಲರಿಯ ಎರಡೂ ಬದಿಗೆ ಇಟ್ಟೆ, ಆಚೆ ಈಚೆ ಎದುರುಬದುರು ತಿನ್ನಲಿ ಅಂತ. ಮೊದಲು ಒಂದಡಿ ದೂರ, ದಿನಕ್ಕೆ ಎರಡಿಂಚು ಹತ್ತಿರ. ಒಂಬತ್ತನೆಯ ದಿನ ಗೌರಿ ಜಾಲರಿಗೆ ಬೆನ್ನು ಹಾಕಿ ಮಣ್ಣಿನಲ್ಲಿ ಮೈ ಹೊರಳಿಸುತ್ತಿದ್ದಳು. ಅರ್ಧ ಇಂಚು ಆಚೆ ಒಂದು ಎಳೆಯದು ಕಾಲು ಚಾಚಿ ಬಿಸಿಲು ಕಾಯುತ್ತಿತ್ತು. ಬೆನ್ನು ತೋರಿಸಿ ಮಲಗುವಷ್ಟು ಆದರೆ ಅರ್ಧ ಕೆಲಸ ಆದಂತೆ.

ಈ ದಿನಗಳಲ್ಲಿ ಹೆಚ್ಚು ಗಮನಿಸಿದ್ದು ಹಿಕ್ಕೆ. ಕಾಕ್ಸಿಡಿಯ ಅನ್ನುವ ಕರುಳಿನ ಪರೋಪಜೀವಿ ಕೋಳಿಯಲ್ಲಿ ಏಳು ಬಗೆ, ಒಂದಕ್ಕೆ ಬಂದ ನಿರೋಧ ಇನ್ನೊಂದಕ್ಕೆ ಆಗುವುದಿಲ್ಲ. ಶೆಡ್ಡಿನ ಒಣ ಹೊಟ್ಟಿನ ಮೇಲೆ ಬೆಳೆದವು ಈಗ ಮೂರು ವರ್ಷದ ಹಿಕ್ಕೆ ಬೆರೆತ ಮಣ್ಣು ಕೆದಕುತ್ತಿವೆ. ಸ್ವಲ್ಪ ಸ್ವಲ್ಪ ಒಳಹೋದರೆ ನಿರೋಧ ಬರುತ್ತದೆ, ಒಮ್ಮೆಲೇ ಹೆಚ್ಚಾದರೆ ರಕ್ತಭೇದಿ. ಅದರ ಬೀಜಕ್ಕೆ ಬಲಿಯಲು ತೇವ ಬೇಕು. ನೀರಿನ ಬಟ್ಟಲನ್ನು ಇಟ್ಟಿಗೆಯ ಮೇಲೆ, ಎಳೆಯದರ ಬೆನ್ನಿನ ಎತ್ತರಕ್ಕೆ ಇಟ್ಟೆ, ಕೆಳಗೆ ಚೆಲ್ಲದ ಹಾಗೆ. ಒದ್ದೆಯಾದ ಹೊಟ್ಟನ್ನು ದಿನಾ ತೆಗೆದೆ. ಒಂದು ದಿನ ಕಿತ್ತಳೆ ಬಣ್ಣದ ಹಿಕ್ಕೆ ಕಂಡು ಗಾಬರಿಯಾಗಿ ಪಶುವೈದ್ಯರಿಗೆ ತೋರಿಸಿದೆ. ಅದು ಕರುಳಿನ ಪೊರೆ ಕಳಚುವುದು, ರಕ್ತವಲ್ಲ, ಆಗಾಗ ಇರುವುದೇ ಅಂದರು. ಔಷಧಿ ಬೇಕಾಗಲಿಲ್ಲ.

ಮೇವು ಯಾರದು

ಒಟ್ಟಿಗೆ ಬಿಟ್ಟ ಮೇಲೆ ಯಾರು ಯಾವ ಡಬ್ಬಿಯಲ್ಲಿ ತಿನ್ನುತ್ತಾರೆ ಅಂತ ಕಾಯಲು ಆಗುವುದಿಲ್ಲ. ಮೊಟ್ಟೆ ಇಡುವ ಕೋಳಿಯ ಲೇಯರ್ ಮೇವಿನಲ್ಲಿ ಕ್ಯಾಲ್ಸಿಯಂ ನೂರಕ್ಕೆ ಮೂರೂವರೆಯಿಂದ ನಾಲ್ಕರಷ್ಟು ಇರುತ್ತದೆ. ಬೆಳೆಯುವ ಕೋಳಿಗೆ ಬೇಕಾದದ್ದು ಸುಮಾರು ಒಂದು. ಇನ್ನೂ ಮೊಟ್ಟೆ ಇಡದ ಎಳೆಯದು ವಾರಗಟ್ಟಲೆ ಲೇಯರ್ ಮೇವು ತಿಂದರೆ ಮೂತ್ರಪಿಂಡ ಕೆಡುತ್ತದೆ, ಹೊರಗೆ ಬೇಗ ಗೊತ್ತೂ ಆಗುವುದಿಲ್ಲ. ಇದಕ್ಕೆ ದಾರಿ ಸುಲಭ: ಎಲ್ಲಕ್ಕೂ ಬೆಳೆಯುವ ಕೋಳಿಯ ಗ್ರೋವರ್ ಮೇವು, ಪಕ್ಕದಲ್ಲಿ ಬೇರೆ ಬಟ್ಟಲಿನಲ್ಲಿ ಚಿಪ್ಪಿನ ಚೂರು. ಒಂದು ಮೊಟ್ಟೆಯ ಓಡಿಗೆ ಸುಮಾರು ಎರಡು ಗ್ರಾಂ ಕ್ಯಾಲ್ಸಿಯಂ ಹೋಗುತ್ತದೆ. ಇಡುವ ಕೋಳಿಗೆ ತನಗೆಷ್ಟು ಬೇಕೆಂದು ಗೊತ್ತು, ಚಿಪ್ಪು ತಾನೇ ಹುಡುಕಿ ತಿನ್ನುತ್ತದೆ. ಇಡದವು ಒಂದೆರಡು ಸಲ ಕುಕ್ಕಿ ನೋಡಿ ಬಿಟ್ಟವು. ಬದಲಾವಣೆಯನ್ನು ಜಾಲರಿಯ ದಿನಗಳಲ್ಲೇ ಶುರುಮಾಡಿ, ಒಂದು ವಾರದಲ್ಲಿ ಮೆಲ್ಲಗೆ ಬೆರೆಸುತ್ತ ಮುಗಿಸಿದೆ.

ದಿನ 45: ಕಿಂಡಿ

ಈ ಸಲದ ಕೆಲಸದಲ್ಲಿ ನನಗೆ ಅತ್ಯಂತ ಸಮಾಧಾನ ಕೊಟ್ಟದ್ದು ಅಂಗಳದ ಜಾಲರಿಯಲ್ಲಿ ಕೊರೆದ ಒಂದು ಕಿಂಡಿ. ಎಳೆಯವು ತೂರಬಹುದು, ದೊಡ್ಡವು ತೂರಲಾರವು. ಹೊರಗೆ ಬರುವುದೂ ಒಳಗೆ ಓಡಿಹೋಗುವುದೂ ಎಳೆಯವುಗಳ ಇಷ್ಟ.

ಆ ದಿನ ಬೆಳಿಗ್ಗೆ ತೂಕ ನೋಡಿದೆ. ಎಳೆಯವು 850ರಿಂದ 980 ಗ್ರಾಂ. ದೊಡ್ಡವುಗಳಲ್ಲಿ ಎಲ್ಲಕ್ಕಿಂತ ಸಣ್ಣವಳು ಬೂದಿ, 1,700 ಗ್ರಾಂ. ಇಷ್ಟು ಅಂತರವಿದ್ದರೆ ಐದೂವರೆ ಇಂಚು ಅಗಲ ಸರಿಹೋಗುತ್ತದೆ ಅಂದುಕೊಂಡು ಕತ್ತರಿಸಿದೆ. ಅರ್ಧ ಗಂಟೆಯಲ್ಲಿ ಬೂದಿ ತಲೆ ತೂರಿಸಿ, ಭುಜ ಒಂದೊಂದಾಗಿ ಒಳಗೆ ಎಳೆದುಕೊಂಡು, ಆಚೆ ನಿಂತಿದ್ದಳು. ಕೋಳಿಯ ಮೈಯಲ್ಲಿ ಅರ್ಧಕ್ಕರ್ಧ ಗರಿ ಅನ್ನುವುದನ್ನು ಮರೆತಿದ್ದೆ. ಅವಳನ್ನು ಎತ್ತಿ, ಗರಿ ಒತ್ತಿಹಿಡಿದು ಎದೆಯ ಅಗಲವನ್ನು ಎರಡು ಪಟ್ಟಿಗಳ ನಡುವೆ ಅಳೆದೆ, ಎಳೆಯದನ್ನೂ ಹಾಗೇ ಅಳೆದೆ. ಒಂದು ರೀಪು ಹೊಡೆದು ಅಗಲವನ್ನು ನಾಲ್ಕೂಕಾಲಿಗೆ ಇಳಿಸಿದೆ, ಎತ್ತರ ಏಳು ಇಂಚು. ಈ ಅಳತೆ ನನ್ನ ಕೋಳಿಗಳದು. ತಳಿ ಬೇರೆಯಾದರೆ ಅಳತೆಯೂ ಬೇರೆ, ಪುಸ್ತಕ ನೋಡದೆ ಕೋಳಿಯನ್ನೇ ಅಳೆಯಿರಿ. ಒಂದು ಕಿಂಡಿಯ ಬದಲು ಎರಡು ಮಾಡಿದೆ, ಪಟ್ಟೆಯ ಎರಡು ತುದಿಗೆ. ಒಂದೇ ಇದ್ದರೆ ದೊಡ್ಡದೊಂದು ಅದರ ಮುಂದೆ ನಿಂತು ದಾರಿ ಕಟ್ಟಿಬಿಡುತ್ತದೆ.

ಮೊದಲ ಎರಡು ದಿನ ಒಂದೂ ಹೊರಗೆ ಬರಲಿಲ್ಲ. ಮೂರನೆಯ ದಿನ ಮಧ್ಯಾಹ್ನ, ದೊಡ್ಡವು ನೆರಳಲ್ಲಿ ತೂಕಡಿಸುವ ಹೊತ್ತಿಗೆ, ಕಪ್ಪು ಕಾಲಿನ ಎಳೆಯದು ಹೊರಬಂದು ನಾಲ್ಕು ಹೆಜ್ಜೆ ಹಾಕಿತು. ಜೋಳ ಎದ್ದು ಬಂದು ತಲೆಗೆ ಒಂದು ಕುಕ್ಕಿದಳು, ಅದು ಕಿರುಚಿ ಕಿಂಡಿಯೊಳಗೆ ನುಗ್ಗಿತು. ಹತ್ತು ನಿಮಿಷಕ್ಕೆ ಮತ್ತೆ ಬಂತು. ವಾರದೊಳಗೆ ಐದೂ ದಿನದ ಅರ್ಧ ಹೊತ್ತು ಹೊರಗೆ ಕಳೆಯತೊಡಗಿದವು. ಪ್ರತಿ ಕುಕ್ಕಿಗೂ ಓಡಲು ಜಾಗ ಇದ್ದದ್ದರಿಂದ ಒಂದು ಗಾಯವೂ ಆಗಲಿಲ್ಲ. ಕಿಂಡಿಯ ಆಯಸ್ಸು ಮಾತ್ರ ಕಡಿಮೆ. ಎರಡು ವಾರದಲ್ಲಿ ದೊಡ್ಡ ಎಳೆಯದರ ಮೈ ಉಜ್ಜತೊಡಗಿತು. ಆದ್ದರಿಂದ ಇದನ್ನು ತಡಮಾಡಿ ಶುರುಮಾಡಬಾರದು.

ದಿನ 58: ಅಂಗಳ ಒಂದಾಯಿತು

ಅಂಗಳದ ಜಾಲರಿ ತೆಗೆಯುವ ಹಿಂದಿನ ಸಂಜೆ ಅಂಗಳವನ್ನೇ ಬದಲಾಯಿಸಿದೆ. ತಮ್ಮದೇ ಅಂತ ಗೊತ್ತಿರುವ ಜಾಗ ಗುರುತು ಸಿಗದಂತಾದರೆ ದೊಡ್ಡವುಗಳ ಗಮನ ಮೊದಲು ಅದರ ಮೇಲೆ ಹೋಗುತ್ತದೆ. ಎರಡು ಹಲಗೆಗಳನ್ನು ಗೋಡೆಗೆ ಓರೆಯಾಗಿ ಒರಗಿಸಿದೆ, ಹಿಂದಿನಿಂದ ನುಸುಳಿ ಆಚೆ ಬರುವ ಹಾಗೆ. ಒಣ ಕೊಂಬೆಗಳ ಒಂದು ರಾಶಿ. ನೆಲದಿಂದ ಒಂದಡಿ, ಎರಡಡಿ ಎತ್ತರಕ್ಕೆ ಎರಡು ಗಳ. ಒಂದು ಹಳೆಯ ಮರದ ಪೆಟ್ಟಿಗೆಯನ್ನು ಮಗುಚಿ ಎದುರುಬದುರು ಎರಡು ಬಾಯಿ ಕೊರೆದೆ. ಬಾಯಿ ಒಂದೇ ಇರುವ ಅಡಗುತಾಣ ಬೋನಾಗುತ್ತದೆ. ಅಂಗಳದ ನಾಲ್ಕು ಮೂಲೆಗೂ ಓರೆ ಹಲಗೆ ಹೊಡೆದು ಮೂಲೆಯೇ ಇಲ್ಲದಂತೆ ಮಾಡಿದೆ. ಇದಕ್ಕೆ ಒಂದು ಇಡೀ ಮಧ್ಯಾಹ್ನ ಹೋಯಿತು. ಕೊನೆಯ ಮೂಲೆಗೆ ಮೊಳೆ ಹೊಡೆಯುವಾಗ ಹೋದ ಸಲದ್ದು ನೆನಪಾಗಿ ಸ್ವಲ್ಪ ಹೊತ್ತು ಸುತ್ತಿಗೆ ಕೆಳಗಿಟ್ಟು ಕೂತಿದ್ದೆ.

ಮೇವಿನ ಡಬ್ಬಿ ಮೂರು, ನೀರಿನ ಬಟ್ಟಲು ಮೂರು. ಒಂದರ ಬಳಿ ನಿಂತರೆ ಇನ್ನೊಂದು ಕಾಣಬಾರದು, ಇಲ್ಲದಿದ್ದರೆ ಒಂದೇ ಕೋಳಿ ಮೂರನ್ನೂ ಕಾಯುತ್ತದೆ.

ಮೊದಲ ಬೆಳಿಗ್ಗೆ ಮೂರು ಗಂಟೆ ಅಲ್ಲೇ ಸ್ಟೂಲು ಹಾಕಿ ಕೂತೆ. ನೋಡುವವರಿಗೆ ಕಷ್ಟವಾದದ್ದು ಎದ್ದು ಹೋಗಿ ಬಿಡಿಸದೇ ಇರುವುದು. ಒಂದು ಕುಕ್ಕು, ಎಳೆಯದು ತಗ್ಗಿ ಸರಿಯುತ್ತದೆ, ದೊಡ್ಡದು ತನ್ನ ಪಾಡಿಗೆ ಹೋಗುತ್ತದೆ. ಇದು ಮಾತುಕತೆ, ನಡೆಯಲಿ. ತಗ್ಗಿದ ಮೇಲೂ ಅಟ್ಟಿಸಿಕೊಂಡು ಹೋಗುವುದು, ಬೆನ್ನ ಮೇಲೆ ಹತ್ತಿ ತಲೆ ಹಿಡಿದು ಎಳೆಯುವುದು, ಎರಡು ಮೂರು ಸೇರಿ ಒಂದನ್ನು ಸುತ್ತುವುದು, ರಕ್ತ, ಈ ನಾಲ್ಕರಲ್ಲಿ ಒಂದು ಕಂಡರೂ ಎದ್ದೇಳಬೇಕು.

ಕೆಂಚಿಯಿಂದ ತೊಂದರೆ ಅಂತ ಅಂದುಕೊಂಡಿದ್ದೆ. ಅವಳು ಐದನ್ನೂ ಒಂದೊಂದು ಸಲ ಕುಕ್ಕಿ, ತನ್ನ ಸ್ಥಾನ ತಿಳಿಸಿ ಮುಗಿಸಿದಳು. ಬಿಡದೆ ಅಟ್ಟಾಡಿಸಿದವಳು ಬೂದಿ. ಮೂರು ವರ್ಷ ಎಲ್ಲರಿಂದಲೂ ಕುಕ್ಕಿಸಿಕೊಂಡು ಕೊನೆಗೆ ತಿಂದವಳು, ಈಗ ತನಗಿಂತ ಕೆಳಗೆ ಐದು ಬಂದಿವೆ. ಅವಳ ಮೇಲೆ ನನಗೆ ಸಿಟ್ಟು ಬರಲಿಲ್ಲ, ಕರುಳು ಚುರ್ ಅಂದಿತು. ಆದರೂ ಐದನೆಯ ದಿನ ಅವಳು ಎಲ್ಲಕ್ಕಿಂತ ಸಣ್ಣ ಎಳೆಯದರ ಜುಟ್ಟು ಹಿಡಿದು ಎಳೆದು ರಕ್ತ ಬರಿಸಿದಳು.

ರಕ್ತದ ವಿಷಯದಲ್ಲಿ ಐದು ನಿಮಿಷವೂ ಬಹಳ. ಕೆಂಪು ಕಂಡರೆ ಕೋಳಿಗೆ ಕುಕ್ಕದೆ ಇರಲಾಗುವುದಿಲ್ಲ, ಸುಮ್ಮನಿದ್ದವೂ ಬರುತ್ತವೆ. ಎತ್ತಿಕೊಂಡು ಉಪ್ಪುನೀರಿನಲ್ಲಿ ತೊಳೆದು, ಒತ್ತಿಹಿಡಿದು ರಕ್ತ ನಿಲ್ಲಿಸಿ, ಜೆನ್ಷಿಯನ್ ವಯೊಲೆಟ್ ಹಚ್ಚಿದೆ. ನೇರಳೆ ಬಣ್ಣ ಗಾಯದ ಕೆಂಪನ್ನು ಮುಚ್ಚುತ್ತದೆ. ಆಮೇಲಿನ ಪ್ರಶ್ನೆ, ಯಾರನ್ನು ಬೇರೆ ಇಡುವುದು? ಗಾಯಗೊಂಡದ್ದನ್ನು ವಾರ ಒಳಗಿಟ್ಟರೆ ಮರಳಿ ಬರುವಾಗ ಅದು ಮತ್ತೆ ಹೊಸಬಳು, ಎಲ್ಲ ಮೊದಲಿನಿಂದ. ಕಾಡುವವಳನ್ನು ಹೊರಗಿಟ್ಟರೆ ಅವಳು ಬರುವಾಗ ಅವಳ ಜಾಗ ಅಲುಗಿರುತ್ತದೆ. ಬೂದಿಯನ್ನು ಮೂರು ದಿನ ಶೆಡ್ಡಿನಲ್ಲಿ ಇಟ್ಟೆ. ಗಾಯವಾದದ್ದನ್ನು ಒಂದು ರಾತ್ರಿ ಮಾತ್ರ ಹೊಸ ಕೋಣೆಯಲ್ಲಿ, ಅದರ ಜೊತೆಗಾತಿ ಒಂದನ್ನೂ ಸೇರಿಸಿ ಇಟ್ಟೆ. ಒಂಟಿಯಾಗಿ ಯಾವತ್ತೂ ಇಡುವುದಿಲ್ಲ. ಮೂರು ದಿನದ ಮೇಲೆ ಬೂದಿ ಬಂದಾಗ ಅಂಗಳದ ನಡುವೆ ಸ್ವಲ್ಪ ಹೊತ್ತು ನಿಂತು ಸುತ್ತ ನೋಡಿದಳು. ಒಂದೆರಡು ಸಲ ಕುಕ್ಕಿದಳು, ಅಟ್ಟಾಟ ನಿಂತಿತ್ತು.

ದಿನಾ ಸಂಜೆ ಕತ್ತಲಾಗುವಾಗ ಐದನ್ನೂ ಎತ್ತಿ ಕತ್ತಿನ ಬುಡದ ಮೇವಿನ ಚೀಲ ಒತ್ತಿ ನೋಡುತ್ತಿದ್ದೆ. ಹೊಟ್ಟೆ ತುಂಬ ತಿಂದಿದ್ದರೆ ಅದು ನಿಂಬೆಹಣ್ಣಿನಷ್ಟು ದುಂಡಗಿರುತ್ತದೆ. ಕಣ್ಣಿಗೆ ಎಲ್ಲ ಚೆನ್ನಾಗಿ ಕಂಡ ಮೊದಲ ದಿನವೇ ಎರಡರ ಚೀಲ ಚಪ್ಪಟೆಯಾಗಿತ್ತು, ಇಡೀ ದಿನ ಓಡುವುದರಲ್ಲೇ ಕಳೆದಿದ್ದವು. ಆ ರಾತ್ರಿಯೇ ದೀಪ ಹಚ್ಚಿ ತಿನ್ನಿಸಿ, ಮಾರನೆಯ ದಿನ ಎರಡಡಿ ಎತ್ತರದ ಗಳದ ಪಕ್ಕ ನಾಲ್ಕನೆಯ ಡಬ್ಬಿ ತೂಗುಹಾಕಿದೆ. ಭಾರದ ಮೈಯ ದೊಡ್ಡವು ಅಲ್ಲಿಗೆ ಹಾರಲು ಉದಾಸೀನ ಮಾಡುತ್ತವೆ. ನಾಲ್ಕನೆಯ ಸಂಜೆಗೆ ಐದೂ ಚೀಲ ತುಂಬಿತ್ತು. ಜಗಳ ಎಷ್ಟಾಯಿತು ಅಂತ ಎಣಿಸುವುದಕ್ಕಿಂತ ಈ ಚೀಲ ಮುಟ್ಟಿ ನೋಡುವುದು ಹೆಚ್ಚು ನಿಜ ಹೇಳುತ್ತದೆ.

ಆ ಎರಡು ವಾರ ದೊಡ್ಡವುಗಳ ಮೊಟ್ಟೆ ದಿನಕ್ಕೆ ನಾಲ್ಕಿದ್ದದ್ದು ಎರಡಕ್ಕೆ ಇಳಿಯಿತು. ಆಮೇಲೆ ತಾನಾಗಿ ಸರಿಹೋಯಿತು.

ದಿನ 66: ಬೋಲ್ಟು ಬಿಚ್ಚಿದ್ದು

ಎಳೆಯವಕ್ಕೆ ಹದಿನೈದು ವಾರ. ಹಗಲೆಲ್ಲ ಒಟ್ಟಿಗಿದ್ದರೂ ರಾತ್ರಿ ಇನ್ನೂ ಜಾಲರಿಯ ಆಚೆ ಈಚೆ ಮಲಗುತ್ತಿದ್ದವು. ಕತ್ತಲಾದ ಮೇಲೆ ಟಾರ್ಚಿನ ಬಾಯಿಗೆ ಬಟ್ಟೆ ಕಟ್ಟಿಕೊಂಡು ಹೋಗಿ ನಾಲ್ಕು ಬೋಲ್ಟು ಬಿಚ್ಚಿ ನಡುಗೋಡೆ ಎತ್ತಿ ಹೊರಗಿಟ್ಟೆ. ಯಾರನ್ನೂ ಎತ್ತಿ ಬೇರೆ ಕಡೆ ಕೂರಿಸಲಿಲ್ಲ. ಗಳಗಳು ಎಲ್ಲಿದ್ದವೋ ಅಲ್ಲೇ, ನಡುವೆ ಗೋಡೆ ಮಾತ್ರ ಇಲ್ಲ.

ಮರುದಿನ ಬೆಳಕು ಹರಿಯುವ ಮೊದಲೇ ಹೋಗಿ ಗೂಡಿನ ಎರಡೂ ಬಾಗಿಲು ತೆರೆದೆ, ಹಳೆಯದೂ ಹೊಸದೂ. ಆ ಒಂದು ತಾಸು ಅಲ್ಲಿಂದ ಕದಲಲಿಲ್ಲ. ಕೆಂಚಿ ಇಳಿದಳು, ಹೊಸ ಕೋಣೆಯೊಳಗೆ ಹೋಗಿ ಹೊಟ್ಟು ಕೆದರಿ ನೋಡಿದಳು. ಎಳೆಯವು ಬಲಬಾಗಿಲಿನಿಂದ ಒಂದೊಂದಾಗಿ ಅಂಗಳಕ್ಕೆ ಇಳಿದವು. ಚುಕ್ಕಿ ಒಂದನ್ನು ತಡೆದಳು, ಅದು ತಿರುಗಿ ಹಳೆಯ ಗೂಡಿನ ಬಾಗಿಲಿನಿಂದ ಹೊರಬಂತು. ಎರಡನೆಯ ದಾರಿ.

ಇದಾಗಿ ಮೂರು ವಾರವಾಯಿತು. ಉಳಿದಿರುವ ತೊಡಕು ಎರಡು. ಎಳೆಯವುಗಳಲ್ಲಿ ಒಂದು ರಾತ್ರಿ ಮೊಟ್ಟೆಯ ಪೆಟ್ಟಿಗೆಯೊಳಗೆ ಮಲಗುತ್ತದೆ. ಅಲ್ಲೇ ಹಿಕ್ಕೆ ಹಾಕಿದರೆ ಮೊಟ್ಟೆ ಕೊಳಕಾಗುತ್ತದೆ ಅಂತ ಸಂಜೆ ಪೆಟ್ಟಿಗೆಗಳಿಗೆ ಹಲಗೆ ಮುಚ್ಚಿ, ಅದನ್ನು ಎತ್ತಿ ಗಳದ ಮೇಲೆ ಕೂರಿಸುತ್ತಿದ್ದೇನೆ. ಇನ್ನೊಂದು, ಜುಟ್ಟು ಗಾಯವಾಗಿದ್ದ ಸಣ್ಣದು. ಈಗಲೂ ನೆಲದ ಡಬ್ಬಿಗಳ ಹತ್ತಿರ ಹೋಗುವುದಿಲ್ಲ, ಮೇಲಿನ ಗಳದ ಪಕ್ಕ ತೂಗುವ ಡಬ್ಬಿಯಲ್ಲೇ ತಿನ್ನುತ್ತದೆ. ಕೆಲವು ಸಂಜೆ ಬೂದಿಯೂ ಅಲ್ಲಿಗೆ ಹಾರುತ್ತಾಳೆ, ಗಳದ ಇನ್ನೊಂದು ತುದಿಯಲ್ಲಿ ಕೂತು ಅದು ತಿಂದು ಮುಗಿಸುವುದನ್ನು ಕಾಯುತ್ತಾಳೆ. ಉಳಿದ ಮೂರು ಡಬ್ಬಿಗಳಲ್ಲಿ ಒಂದನ್ನು ತೆಗೆದಿಟ್ಟೆ. ಆ ತೂಗು ಡಬ್ಬಿಯನ್ನು ತೆಗೆಯುವುದಿಲ್ಲ.